ಮರ ಕಡಿಸುವ ಮೊದಲು ಒಮ್ಮೆ ಇಲ್ಲಿಗೆ ಬಾ, ರಘು

ಪ್ರೀತಿಯ ರಘು,

"ವಿಯೆಟ್ನಾಂನವರು ನೆರಳಿನ ಮರವೇ ಇಲ್ಲದೆ ಅಷ್ಟೊಂದು ಕಾಫಿ ಬೆಳೀತಾರಂತೆ, ನಾನೂ ಮೇಲಿನ ತೋಟದ ಮರ ತೆಗೆಸಿಬಿಡೋಣ ಅಂತಿದೀನಿ, ನೀನು ಅಲ್ಲೇ ಇದೀಯಲ್ಲ, ನೋಡಿ ಹೇಳು" ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಅಲ್ಲ ಮಾರಾಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸಕಲೇಶಪುರ, ಮೂಡಿಗೆರೆ ಕಡೆ ನಿನ್ನ ಹಾಗೇ ಲೆಕ್ಕ ಹಾಕುತ್ತಾ ಕೂತವರು ಇನ್ನೂ ಬಹಳ ಜನ ಇರುತ್ತಾರೆ. ಅವರಿಗೂ ಸಿಗಲಿ ಅಂತ ಎಲ್ಲರೂ ಓದುವ ಹಾಗೆ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ನನ್ನ ಕೆಲಸ ಸೈಗಾನ್‌ನಲ್ಲಿ. ಕಾಗದದ ಮೇಲೆ ಹೋ ಚಿ ಮಿನ್ ಸಿಟಿ, ಬಾಯಲ್ಲಿ ಎಲ್ಲರಿಗೂ ಇನ್ನೂ ಸೈಗಾನ್ನೇ. ಇಲ್ಲಿರುವ ಪರದೇಶದವರು ವಾರಾಂತ್ಯ ಬಂತೆಂದರೆ ಸಮುದ್ರ ತೀರಕ್ಕೆ ಓಡುತ್ತಾರೆ. ನಾನೂ ಮೊದಮೊದಲು ಹಾಗೇ ಮಾಡಿದೆ. ವುಂಗ್ ತಾವ್ ನೋಡಿದೆ, ಮೆಕಾಂಗ್ ಡೆಲ್ಟಾದಲ್ಲಿ ದೋಣಿ ಹತ್ತಿದೆ, ಕಾನ್ ಥೋದಲ್ಲಿ ಬೆಳಗಿನ ಜಾವ ನದಿಯ ಮೇಲೆ ನಡೆಯುವ ತೇಲುವ ಸಂತೆಗೆ ಹೋದೆ. ಚೆನ್ನಾಗಿದೆ, ನೋಡಬೇಕಾದದ್ದೇ. ಆದರೆ ಮಲೆನಾಡಿನಲ್ಲಿ ಹುಟ್ಟಿದವನಿಗೆ ಗುಡ್ಡ ಕಾಣದಿದ್ದರೆ ಏನೋ ಕಳೆದ ಹಾಗೆ. ಒಂದು ಶುಕ್ರವಾರ ಆಫೀಸಿನ ಗೆಳೆಯನೊಬ್ಬ "ನಮ್ಮ ಊರಿಗೆ ಬಾ, ಅಪ್ಪನ ಕಾಫಿ ತೋಟ ತೋರಿಸುತ್ತೇನೆ" ಅಂದ. ಅವನ ಊರು ಬುವೊನ್ ಮಾ ಥುವೊತ್ ಹತ್ತಿರ, ಡಾಕ್ ಲಾಕ್ ಪ್ರಾಂತ್ಯದಲ್ಲಿ. ಇಡೀ ವಿಯೆಟ್ನಾಂಗೆ ಅದೇ ಕಾಫಿ ರಾಜಧಾನಿ. ಅವತ್ತಿನಿಂದ ನನ್ನ ವಾರಾಂತ್ಯಗಳೆಲ್ಲ ಆ ಕಡೆಗೇ ತಿರುಗಿದವು.

ಹೋಗುವುದು ರಾತ್ರಿ ಸ್ಲೀಪರ್ ಬಸ್ಸಿನಲ್ಲಿ. ಹತ್ತುವಾಗಲೇ ಚಪ್ಪಲಿ ಬಿಚ್ಚಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಳ್ಳಬೇಕು. ಒಳಗೆ ಉದ್ದಕ್ಕೆ ಮೂರು ಸಾಲು, ಮೇಲೆ ಕೆಳಗೆ ಎರಡು ಅಂತಸ್ತು. ಬರ್ತ್‌ಗಳನ್ನು ಇಲ್ಲಿನವರ ಅಳತೆಗೇ ಮಾಡಿರುವುದರಿಂದ ನನ್ನ ಉದ್ದಕ್ಕೆ ಕಾಲು ಪೂರ್ತಿ ಚಾಚಲು ಆಗುವುದಿಲ್ಲ, ಆದರೂ ನಿದ್ದೆ ಬರುತ್ತದೆ. ನಡುರಾತ್ರಿ ಎಲ್ಲೋ ದೊಡ್ಡ ಹೋಟೆಲಿನ ಮುಂದೆ ನಿಲ್ಲಿಸುತ್ತಾರೆ, ಎಲ್ಲರೂ ಬಿಸಿಬಿಸಿ ಫೊ ಎಂಬ ನೂಡಲ್ಸ್ ಸಾರು ಕುಡಿಯುತ್ತಾರೆ. ಸುಮಾರು 350 ಕಿಲೋಮೀಟರ್ ದಾರಿ. ಬೆಳಗ್ಗೆ ಇಳಿದಾಗ ಗಾಳಿ ತಣ್ಣಗಿರುತ್ತದೆ, ಮಣ್ಣು ಕೆಂಪಗೆ. ಎಂಥ ಕೆಂಪು ಅಂತೀಯ! ಇದು ಹಳೆಯ ಜ್ವಾಲಾಮುಖಿಯ ಬಸಾಲ್ಟ್ ಮಣ್ಣು. ಆಳ ಜಾಸ್ತಿ, ಕಲ್ಲು ಕಡಿಮೆ. ಅಂಗಿಗೆ ಹತ್ತಿದರೆ ತೊಳೆದರೂ ಹೋಗುವುದಿಲ್ಲ.

ಊರ ನಡುವೆ ಆರು ರಸ್ತೆ ಸೇರುವ ಕಡೆ ಒಂದು ಯುದ್ಧ ಟ್ಯಾಂಕ್ ನಿಲ್ಲಿಸಿದ್ದಾರೆ. 1975ರ ಮಾರ್ಚ್ 10ರಂದು ಉತ್ತರ ವಿಯೆಟ್ನಾಂ ಸೈನ್ಯ ಈ ಊರಿನ ಮೇಲೆ ಬಿತ್ತು. ಇಲ್ಲಿಂದ ಶುರುವಾದದ್ದು ಏಪ್ರಿಲ್ 30ಕ್ಕೆ ಸೈಗಾನ್‌ನಲ್ಲಿ ಮುಗಿಯಿತು. ಯುದ್ಧ ಮುಗಿದ ಮೇಲೆ ಬಯಲು ಸೀಮೆಯ ಜನರನ್ನು ಸರ್ಕಾರ ಈ ಗುಡ್ಡಗಳಿಗೆ ಕರೆತಂದು ನೆಲೆ ನಿಲ್ಲಿಸಿತು. 1986ರಲ್ಲಿ ಆರ್ಥಿಕ ಸುಧಾರಣೆ ಬಂತು, ಸ್ವಂತ ಬೇಸಾಯಕ್ಕೆ ದಾರಿಯಾಯಿತು, ಕಾಡು ಕಡಿದು ಕಾಫಿ ಹಾಕಿದರು. ಹತ್ತು ಹದಿನೈದು ವರ್ಷದಲ್ಲಿ ಈ ದೇಶ ಕಾಫಿ ಬೆಳೆಯುವುದರಲ್ಲಿ ಬ್ರೆಜಿಲ್ ನಂತರ ಜಗತ್ತಿನಲ್ಲೇ ಎರಡನೆಯದಾಯಿತು. 2001ರ ಹೊತ್ತಿಗೆ ಕಾಫಿ ಬೆಲೆ ನೆಲಕಚ್ಚಿತಲ್ಲ, ನಿಮ್ಮ ಅಪ್ಪ ಆ ವರ್ಷ ಹಣ್ಣು ಕುಯ್ಯಿಸಿದರೆ ಕೂಲಿಗೂ ಹುಟ್ಟುವುದಿಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಈ ಕೆಂಪು ಮಣ್ಣಿನಲ್ಲಿ ಬೆಳೆದ ಕಾಫಿ ಜಗತ್ತಿನ ಮಾರುಕಟ್ಟೆಗೆ ರಾಶಿ ಬಿದ್ದದ್ದು ಅದಕ್ಕೊಂದು ದೊಡ್ಡ ಕಾರಣ. ಅದೇ ವರ್ಷ ಇಲ್ಲಿನ ರೈತರೂ ಸಾಲದಲ್ಲಿ ಮುಳುಗಿದ್ದರಂತೆ. ಗೆಳೆಯನ ಅಪ್ಪ ಅದನ್ನು ಹೇಳುವಾಗ ನನಗೆ ನಿಮ್ಮ ಮನೆಯ ಜಗಲಿಯೇ ಕಣ್ಣ ಮುಂದೆ ಬಂತು.

ಈಗ ತೋಟದ ವಿಷಯ. ನೀನು ಕೇಳಿದ್ದು ನಿಜ, ರಘು. ನೆರಳು ಇಲ್ಲ ಅಂದರೆ ಇಲ್ಲ, ಬಿಸಿಲಿಗೇ ಬಿಟ್ಟಿದ್ದಾರೆ. ಮೂರು ಮೀಟರಿಗೊಂದು ಗಿಡ, ಹೆಕ್ಟೇರಿಗೆ 1,100ರ ಆಸುಪಾಸು. ತಲೆ ಸವರಿ ಆಳೆತ್ತರಕ್ಕಿಂತ ಕೆಳಗೇ ಇಟ್ಟಿರುತ್ತಾರೆ. ಅಲ್ಲಲ್ಲಿ ಗಾಳಿ ತಡೆಗೆ ಸೀಮೆ ತಂಗಡಿ ಸಾಲು. ಇಳುವರಿ ಹೆಕ್ಟೇರಿಗೆ ಸರಾಸರಿ ಎರಡೂವರೆ ಟನ್ನಿಗೂ ಜಾಸ್ತಿ. ಇಲ್ಲಿ ಬೆಳೆಯುವುದು ನಮ್ಮಲ್ಲೂ ಇರುವ ರೋಬಸ್ಟಾ ಜಾತಿಯ ಕಾಫಿಯನ್ನೇ. ನಮ್ಮ ರೋಬಸ್ಟಾ ಸರಾಸರಿ ಒಂದು ಟನ್ನಿನ ಹತ್ತಿರ ನಿಂತಿದೆ ಅಂತ ನಿನಗೇ ಗೊತ್ತು. ಕೊಂಬೆಯಲ್ಲಿ ಗೊಂಚಲು ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ, ನನಗೂ ಆಯಿತು.

ಆದರೆ ಈ ಬೆಳೆ ಹೇಗೆ ಬರುತ್ತದೆ ಅಂತ ಗೊತ್ತಾಗಬೇಕಾದರೆ ಜನವರಿಯಿಂದ ಮಾರ್ಚ್ ನಡುವೆ ಬಂದು ನೋಡಬೇಕು. ಆಗ ಇಲ್ಲಿ ಮಳೆ ಅನ್ನುವುದೇ ಇಲ್ಲ ಅನ್ನಬಹುದು. ನಾವು ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುತ್ತೇವೆ, ಬರದಿದ್ದರೆ ಕೆರೆಗೆ ಮೋಟಾರು ಇಟ್ಟು ಸ್ಪ್ರಿಂಕ್ಲರ್ ಹಾಕುತ್ತೇವೆ, ಒಂದೆರಡು ಸುತ್ತಿಗೆ ಮುಗಿಯುತ್ತದೆ. ಇಲ್ಲಿ ಒಂದೊಂದು ಗಿಡದ ಬುಡಕ್ಕೂ ಅಗಲವಾದ ಪಾತಿ ಕಟ್ಟಿದ್ದಾರೆ. ದಪ್ಪ ಪೈಪು ಎಳೆದುಕೊಂಡು ಗಿಡದಿಂದ ಗಿಡಕ್ಕೆ ಹೋಗಿ ಆ ಪಾತಿ ತುಂಬಿಸುತ್ತಾರೆ, ಒಂದು ಗಿಡಕ್ಕೆ ನೂರಾರು ಲೀಟರ್. ಮೂರು ನಾಲ್ಕು ವಾರ ಬಿಟ್ಟು ಮತ್ತೆ ಮೊದಲಿನಿಂದ. ಹಗಲೂ ರಾತ್ರಿ ಡೀಸೆಲ್ ಮೋಟಾರಿನ ಸದ್ದು. ನಾನೂ ಒಂದು ಸಂಜೆ ಅವರ ಜೊತೆ ಪೈಪು ಹಿಡಿದೆ, ಕೆಸರಿನಲ್ಲಿ ಅದನ್ನು ಎಳೆಯುವುದು ಎಂಥ ಕೆಲಸ ಅಂತ ಭುಜಕ್ಕೆ ಗೊತ್ತಾಯಿತು. ನೀರು ಕೊಟ್ಟು ಒಂದು ವಾರ ಹತ್ತು ದಿನಕ್ಕೆ ಹೂ ಅರಳುತ್ತದೆ. ಆ ಪರಿಮಳ ಮಾತ್ರ ನಮ್ಮೂರಿನದ್ದೇ, ಒಂಚೂರೂ ವ್ಯತ್ಯಾಸ ಇಲ್ಲ.

ಆ ನೀರೆಲ್ಲ ಬರುವುದು ಬಾವಿಯಿಂದ, ಕೊಳವೆ ಬಾವಿಯಿಂದ, ಕೆರೆಯಿಂದ. 2016ರ ಬರದಲ್ಲಿ ಕೆರೆಗಳ ತಳ ಬಿರುಕು ಬಿಟ್ಟಿತ್ತು. ಈ ಸೀಮೆಯಲ್ಲಿ ಅಂತರ್ಜಲ ಇಳಿಯುತ್ತಿದೆ ಅಂತ ಇಲ್ಲಿನವರೇ ಹೇಳುತ್ತಾರೆ. ಗೊಬ್ಬರದ ಖರ್ಚು ಬೇರೆ. ಬಿಸಿಲಿಗೆ ನಿಂತ ಗಿಡ ಜಾಸ್ತಿ ಕಾಯಿ ಹಿಡಿಯುತ್ತದೆ ನಿಜ, ಅಷ್ಟೇ ಜಾಸ್ತಿ ತಿನ್ನುತ್ತದೆ. ಒಂದು ವರ್ಷ ಕೈ ಬಿಗಿ ಹಿಡಿದರೆ ಮರುವರ್ಷ ಕೊಂಬೆ ಒಣಗುತ್ತದೆ. ನಮ್ಮ ತೋಟದಲ್ಲಿ ಅತ್ತಿ, ಹಾಲುವಾಣ, ಹಲಸು ಎಲ್ಲ ಸೇರಿ ವರ್ಷಪೂರ್ತಿ ಉದುರಿಸುವ ಸೊಪ್ಪಿಗೆ ನಾವು ಯಾವತ್ತೂ ಬೆಲೆ ಕಟ್ಟಿದವರಲ್ಲ ಅಲ್ವಾ? ಇಲ್ಲಿ ಅದನ್ನೆಲ್ಲ ಚೀಲದಲ್ಲಿ ಕೊಂಡು ತರಬೇಕು.

ನೆಲದ ರೀತಿಯೂ ಬೇರೆ. ಬುವೊನ್ ಮಾ ಥುವೊತ್ ಸುಮಾರು 500 ಮೀಟರ್ ಎತ್ತರದ ಪ್ರಸ್ಥಭೂಮಿ, ಸಣ್ಣ ಸಣ್ಣ ಏರಿಳಿತ ಅಷ್ಟೆ. ನಿನ್ನ ಮೇಲಿನ ತೋಟದಲ್ಲಿ ನಿಂತರೆ ಕಾಲು ಜಾರುತ್ತದೆ. ಜುಲೈ ತಿಂಗಳ ಆ ಮಳೆ, ಆ ಇಳಿಜಾರು, ಮೇಲೆ ಮರ ಇಲ್ಲ ಅಂದುಕೋ. ಮಣ್ಣು ನೇರ ಹೇಮಾವತಿಗೆ. ದಾ ಲಾತ್‌ಗೆ ಹೋದಾಗ ನನಗೆ ಇದೇ ಹೆದರಿಕೆ ಹುಟ್ಟಿದ್ದು. ಅದು 1,500 ಮೀಟರ್ ಎತ್ತರದ ಊರು, ಫ್ರೆಂಚರು ಮಾಡಿಕೊಂಡ ತಂಪು ತಾಣ, ಹತ್ತಿರದ ಕೌ ದಾತ್‌ನಲ್ಲಿ ಒಳ್ಳೆಯ ಅರೇಬಿಕಾ ಕಾಫಿ ಬೆಳೆಯುತ್ತಾರೆ. ಆದರೆ ಗುಡ್ಡಕ್ಕೆ ಗುಡ್ಡವೇ ಪ್ಲಾಸ್ಟಿಕ್ ಮನೆಗಳಿಂದ ಮುಚ್ಚಿಹೋಗಿದೆ, ಒಳಗೆ ಹೂವು, ತರಕಾರಿ. ನೀರು ಇಂಗಲು ಜಾಗ ಇಲ್ಲದೆ ಜೋರು ಮಳೆ ಬಂದರೆ ಊರೊಳಗೇ ಪ್ರವಾಹ. ಕೆಲವು ಕಡೆ ಗುಡ್ಡವೂ ಜರಿಯುತ್ತದೆ. ಶಿರಾಡಿ ಘಾಟಿಯ ದಾರಿ ನೆನಪಾಯಿತು, ಜಾಸ್ತಿ ಹೇಳುವುದು ಬೇಡ.

ಇನ್ನೊಂದು ಸಂಗತಿಯಂತೂ ನೀನು ಖಂಡಿತ ಕೇಳಬೇಕು. ಇಲ್ಲಿನ ರೈತರು ಈಗ ಕಾಫಿಯ ನಡುವೆ ಮರ ನೆಡುತ್ತಿದ್ದಾರೆ! ಬೆಣ್ಣೆಹಣ್ಣು, ದುರಿಯನ್, ಮರಕ್ಕೆ ಹಬ್ಬಿಸಿದ ಮೆಣಸು. 2022ರಲ್ಲಿ ಚೀನಾ ದುರಿಯನ್ ಹಣ್ಣಿಗೆ ಬಾಗಿಲು ತೆರೆದ ಮೇಲೆ ಇದು ಜೋರಾಯಿತು. ಕೆಲವರು ಕಾಫಿಯನ್ನೇ ಕಿತ್ತು ದುರಿಯನ್ ಹಾಕಿದರು. ಆಮೇಲೆ 2024ರಲ್ಲಿ ಕಾಫಿ ಕಿಲೋಗೆ ಒಂದು ಲಕ್ಷ ಡಾಂಗ್ ದಾಟಿತು, ನಮ್ಮ ಲೆಕ್ಕದಲ್ಲಿ 330 ರೂಪಾಯಿ ಹತ್ತಿರ. ಅದಕ್ಕೆ ಮೊದಲು ಎಷ್ಟೋ ವರ್ಷ ಮೂವತ್ತು ನಲವತ್ತು ಸಾವಿರದಲ್ಲೇ ಇತ್ತು. ಕಿತ್ತವರ ಸಂಕಟ ಹೇಗಿದ್ದಿರಬೇಡ. ಗೆಳೆಯನ ಅಪ್ಪ ಕೀಳಲಿಲ್ಲ. ಕಾಫಿ ಇಟ್ಟುಕೊಂಡೇ ನಡುನಡುವೆ ಬೆಣ್ಣೆಹಣ್ಣು ಹಾಕಿದರು. ನೆರಳು ಬಿದ್ದ ಕಡೆ ಮಣ್ಣಿನ ತೇವ ಜಾಸ್ತಿ ದಿನ ನಿಲ್ಲುತ್ತದೆ, ನೀರು ತಡವಾದರೂ ಗಿಡ ಬಾಡುವುದಿಲ್ಲ ಅಂತ ಅವರೇ ಕೈಯಲ್ಲಿ ಮಣ್ಣು ಕೆದಕಿ ತೋರಿಸಿದರು.

ಮೆಣಸಿನದ್ದೂ ಒಂದು ದೊಡ್ಡ ಕಥೆ. 2015ರ ಹೊತ್ತಿಗೆ ಕಿಲೋಗೆ ಎರಡು ಲಕ್ಷ ಡಾಂಗ್ ಇದ್ದಾಗ ಸಾಲ ಮಾಡಿ ಕಾಂಕ್ರೀಟ್ ಕಂಬ ನೆಟ್ಟು ಬಳ್ಳಿ ಹಬ್ಬಿಸಿದರು. ಒತ್ತೊತ್ತಾಗಿ, ಬರೀ ಮೆಣಸು. ಸೊರಗು ರೋಗ ಬಂದಾಗ ತೋಟಕ್ಕೆ ತೋಟವೇ ಹೋಯಿತು, ಐದೇ ವರ್ಷದಲ್ಲಿ ಬೆಲೆಯೂ ನಲವತ್ತು ಸಾವಿರದ ಆಸುಪಾಸಿಗೆ ಇಳಿಯಿತು. ಪಕ್ಕದ ಗಿಯಾ ಲಾಯ್ ಪ್ರಾಂತ್ಯದ ಕಡೆ ಬಸ್ಸಿನಲ್ಲಿ ಹೋಗುವಾಗ ಬಳ್ಳಿಯಿಲ್ಲದ ಬೋಳು ಕಂಬಗಳ ಸಾಲು ಈಗಲೂ ಕಾಣುತ್ತದೆ. ಅದನ್ನು ನೋಡಿದ ದಿನ ನನಗೆ ಊಟ ರುಚಿಸಲಿಲ್ಲ.

ಬರೀ ತೋಟದ ಮಾತೇ ಆಯಿತು. ಸುತ್ತಾಟವೂ ಬೇಕಾದಷ್ಟಿದೆ. ಸೆರೆಪೋಕ್ ನದಿಯ ದ್ರಾಯ್ ನೂರ್ ಜಲಪಾತಕ್ಕೆ ಹೋದೆವು. ಆ ನದಿ ಪಶ್ಚಿಮಕ್ಕೆ ಹರಿದು ಕಾಂಬೋಡಿಯಾ ಸೇರುತ್ತದೆ. ಲಾಕ್ ಕೆರೆಯಲ್ಲಿ ಮರದ ಒಂಟಿ ದೋಣಿ. ಎಡೆ ಎಂಬ ಬುಡಕಟ್ಟಿನ ಜನರ ಉದ್ದ ಮನೆಯಲ್ಲಿ ಒಂದು ರಾತ್ರಿ ಮಲಗಿದೆ. ಕಾಲುಗಂಬದ ಮೇಲೆ ಕಟ್ಟಿದ ಮನೆ. ಮಗಳಿಗೆ ಮದುವೆಯಾದಾಗ ಅಳಿಯ ಈ ಮನೆಗೇ ಬರುತ್ತಾನೆ, ಅವರಿಗಾಗಿ ಮನೆಯನ್ನು ಇನ್ನಷ್ಟು ಉದ್ದ ಮಾಡುತ್ತಾರೆ. ಆಸ್ತಿ ಹೆಣ್ಣುಮಕ್ಕಳಿಗೆ. ನಮ್ಮ ಘಟ್ಟದ ಕೆಳಗಿನ ಅಳಿಯಕಟ್ಟಿನ ವಿಷಯ ಹೇಳಿದಾಗ ಮನೆಯ ಅಜ್ಜಿ ಎದ್ದು ಕೂತು ಕೇಳಿದರು. ಈ ನೆಲ ಮೊದಲು ಇವರದ್ದು, ಮತ್ತು ಇವರಂಥ ಇತರ ಗುಡ್ಡಗಾಡು ಜನರದ್ದು. ಕಾಫಿ ಬಂದ ಮೇಲೆ ಇವರ ಕಾಡು ಹೋಯಿತು. ಕಾಫಿ ಹಬ್ಬದ ಬ್ಯಾನರ್‌ಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ, ಬರೆಯಬೇಕು ಅಂತ ನನಗನ್ನಿಸುತ್ತದೆ.

ಊಟದ ಚಿಂತೆ ಬೇಡ. 'ಚಾಯ್' ಅಂತ ಬೋರ್ಡು ಇರುವ ಕಡೆ ಸಸ್ಯಾಹಾರ ಸಿಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆ ಹೊತ್ತಿಗೆ ಬಂದರೆ ಇನ್ನೂ ಸಲೀಸು, ಆಗ ಇಲ್ಲಿಯವರೇ ಎಷ್ಟೋ ಜನ ಮಾಂಸ ತಿನ್ನುವುದಿಲ್ಲ. ಕಾಫಿ ಲೋಟದ ಮೇಲೆ ಕೂರಿಸುವ ಫಿನ್ ಎಂಬ ಸಣ್ಣ ಫಿಲ್ಟರಿನಲ್ಲಿ ತೊಟ್ಟು ತೊಟ್ಟಾಗಿ ಇಳಿಯುತ್ತದೆ, ಕೆಳಗೆ ಕಂಡೆನ್ಸ್ಡ್ ಹಾಲು, ಮೇಲಿಂದ ಐಸ್. ಬರೀ ರೋಬಸ್ಟಾದಿಂದಲೇ ಇಷ್ಟು ಒಳ್ಳೆಯ ಕಾಫಿ ಮಾಡಬಹುದು ಅಂತ ನಿನಗೆ ಕುಡಿಸಿಯೇ ತೋರಿಸಬೇಕು.

ನನ್ನ ಮಾತು ಇಷ್ಟೇ ಕಣೋ. ಮರಗಸಿ ಮಾಡಿಸು, ಅಂದರೆ ನೆರಳಿನ ಮರದ ಕೊಂಬೆ ಸವರಿಸು, ದಟ್ಟ ನೆರಳಿದ್ದ ಕಡೆ ಬೆಳಕು ಬಿಡು, ಹಳೇ ಗಿಡ ತೆಗೆದು ಹೊಸದು ಹಾಕು, ಇಲ್ಲಿನವರ ಹಾಗೆ ತಲೆ ಸವರುವುದನ್ನು ಶಿಸ್ತಾಗಿ ಮಾಡು. ಇವರಿಂದ ಕಲಿಯುವುದು ಬಹಳ ಇದೆ. ಮರ ಮಾತ್ರ ಕಡಿಸಬೇಡ. ಮರದ ವ್ಯಾಪಾರಿ ಮುಂಗಡ ಕೊಡಲು ಬಂದರೆ ಮಾರ್ಚ್ ಕಳೆಯಲಿ ಅನ್ನು. ನೀನು ಫೆಬ್ರವರಿ ಕೊನೆಗೆ ಹೊರಡು. ವೀಸಾ ಆನ್‌ಲೈನ್‌ನಲ್ಲೇ ಆಗುತ್ತದೆ. ಆಗ ಇಲ್ಲಿ ನೀರು ಹಾಯಿಸುವುದು, ಮೆಣಸು ಕುಯ್ಯುವುದು ಎರಡೂ ನಡೆಯುತ್ತಿರುತ್ತದೆ. ಗೆಳೆಯನ ಅಪ್ಪನ ಹತ್ತಿರ ನೀನೇ ಕೂತು ಲೆಕ್ಕ ಕೇಳು, ನಾನು ಮತ್ತು ಅವನು ನಡುವೆ ಭಾಷೆ ದಾಟಿಸುತ್ತೇವೆ.

ಅವರೂ ನಿನ್ನನ್ನು ಕೇಳಬೇಕು ಅಂತಿದ್ದಾರೆ. ಮೂವತ್ತು ನಲವತ್ತು ಅಡಿ ಸಿಲ್ವರ್ ಓಕ್ ಮೇಲೆ ಮೆಣಸು ಹಬ್ಬಿಸಿ ಒಂಟಿ ಏಣಿ ಹಾಕಿ ಕುಯ್ಯುತ್ತೇವೆ ಅಂದರೆ ಅವರು ನಂಬುತ್ತಿಲ್ಲ. ಆ ಏಣಿ ಹತ್ತಿ ಕುಯ್ಯುವ ವಿಡಿಯೊ ಒಂದನ್ನು ಈ ವಾರವೇ ಕಳಿಸು, ಬುಡದಲ್ಲಿ ಯಾರಾದರೂ ನಿಂತಿರಲಿ, ಎತ್ತರ ಗೊತ್ತಾಗಬೇಕು.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಸುಧಿ