ಮಾತು ಮುಗಿಸಲು ಬಿಟ್ಟವರಿಗೆ

ಇದನ್ನು ಬರೆಯಲು ಒಂಬತ್ತು ದಿನ ಹಿಡಿಯಿತು. ಬೆಳಿಗ್ಗೆ ಹೊತ್ತು ತಲೆ ಚೆನ್ನಾಗಿರುತ್ತದೆ, ಆಗ ನಾಲ್ಕು ಸಾಲು. ಸಂಜೆಯಾದರೆ ಪದಗಳು ನಾಲಿಗೆಯ ತುದಿವರೆಗೆ ಬಂದು ವಾಪಸ್ ಹೋಗುತ್ತವೆ. ಕಾಗುಣಿತ ತಿದ್ದಿದ್ದು ಹೆಂಡತಿ. ಮಾತು ಮಾತ್ರ ನನ್ನದೇ.

ನನಗೆ ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಎಂದು ಗೊತ್ತಾಗಿ ಈ ತಿಂಗಳಿಗೆ ಐದು ವರ್ಷ. ಆಗ ನನಗೆ 53. ಆ ವಯಸ್ಸಿನವನಿಗೆ ಈ ಕಾಯಿಲೆ ಇರಬಹುದು ಎಂದು ಯಾರಿಗೂ ಹೊಳೆಯುವುದೇ ಇಲ್ಲ. ಅದಕ್ಕೂ ಮುಂಚೆ ಎರಡು ವರ್ಷ ಒಬ್ಬರು ಕೆಲಸದ ಒತ್ತಡ ಎಂದರು, ಇನ್ನೊಬ್ಬರು ಖಿನ್ನತೆ ಎಂದು ಮಾತ್ರೆ ಕೊಟ್ಟರು. ಆಫೀಸಿನಲ್ಲಿ ಸೋಮಾರಿ ಅನ್ನಿಸಿಕೊಂಡೆ.

ಕೊನೆಗೊಂದು ದಿನ ವೈದ್ಯರೊಬ್ಬರು ಕಾಗದ ಕೊಟ್ಟು, ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದರು. ವೃತ್ತ ದುಂಡಗೆ ಬಂತು. ಅಂಕಿಗಳೆಲ್ಲ ಬಲಗಡೆ ಗುಂಪುಗೂಡಿದವು. ಒಂದು ಮುಳ್ಳನ್ನು ಹನ್ನೊಂದಕ್ಕೆ ಇಟ್ಟೆ, ಇನ್ನೊಂದನ್ನು ಹತ್ತಕ್ಕೆ. ಎಲ್ಲೋ ತಪ್ಪಿದ್ದೇನೆ ಅನ್ನಿಸುತ್ತಿತ್ತು, ಎಲ್ಲಿ ಅಂತ ತಿಳಿಯುತ್ತಿರಲಿಲ್ಲ. ವೈದ್ಯರು ನನ್ನ ಹೆಂಡತಿಯ ಕಡೆ ತಿರುಗಿ "ಇವರಿಗೆ..." ಎಂದು ಶುರು ಮಾಡಿದರು. ನಾನು ಪಕ್ಕದಲ್ಲೇ ಕೂತಿದ್ದೆ!

ನಾಲ್ಕು ತಿಂಗಳಾದ ಮೇಲೆ, ನನ್ನಂಥವರೇ ಸೇರುವ ನಿಮ್ಮ ಗುಂಪಿಗೆ ಬಂದೆ. ಬರಲು ಇಷ್ಟವಿರಲಿಲ್ಲ, ಎಳೆದುಕೊಂಡು ಬಂದಿದ್ದರು. ಅಲ್ಲಿದ್ದದ್ದು ಒಂದೇ ನಿಯಮ. ಯಾರಾದರೂ ಪದಕ್ಕೆ ತಡಕಾಡುತ್ತಿದ್ದರೆ ಬಾಯಿ ಹಾಕಬಾರದು, ಅವರಾಗಿ ಕೇಳಿದರೆ ಮಾತ್ರ ಹೇಳಬೇಕು. ಅವತ್ತು ನನಗೆ ಬೇಕಾಗಿದ್ದ ಪದ ಚಮಚ. ಎಷ್ಟು ಹೊತ್ತಾಯಿತೋ ಏನೋ, ಹನ್ನೊಂದು ಜನ ಸುಮ್ನೆ ಕಾದರು. ಕೊನೆಗೆ "ಅದೇ... ಸಕ್ಕರೆ ಕರಗಿಸೋದು" ಎಂದೆ. ಯಾರೂ ನಗಲಿಲ್ಲ. ನನಗೇ ನಗು ಬಂತು. ಆಮೇಲೆ ಎಲ್ಲರೂ ನಕ್ಕರು. ಅವತ್ತಿನಿಂದ ನಾನು ಚಮಚದವನು.

ಗುಂಪಿನ ಹಿರಿಯರಿಗೆ ಹಳೇ ಕಥೆ ಎಂದರೆ ಇಷ್ಟ. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯಲ್ಲಿ ಡಾಕ್ಟರ್ ಅಲ್ಝೈಮರ್ ಎದುರು ಕೂತ ಆಗಸ್ಟೆ ಡೇಟರ್‌ಗೆ ಬರೀ 51 ಅಂತೆ. "ನನ್ನನ್ನೇ ನಾನು ಕಳೆದುಕೊಂಡಿದ್ದೇನೆ" ಎಂದಿದ್ದಳಂತೆ. ಈ ಕಾಯಿಲೆಯನ್ನು ಅವರು ಮೊದಲು ಗುರುತಿಸಿದ್ದೇ ನಮ್ಮ ವಯಸ್ಸಿನವಳಲ್ಲಿ. ಮತ್ತೆ ಯಾಕೆ ಮುದುಕರ ಕಾಯಿಲೆ ಅಂತಾರೆ?

ನಿಮ್ಮಲ್ಲಿ ಒಬ್ಬರಿಗೆ ಬೇರೆಯೇ ಋಣವಿದೆ. "ನನಗೂ ಬರುತ್ತಾ ಅಪ್ಪಾ?" ಎಂದು ಮಗಳು ಕೇಳಿದ ರಾತ್ರಿ ನಾನು ಫೋನ್ ಮಾಡಿದ್ದು ಅವರಿಗೆ. ಹೆದರಿಸಲಿಲ್ಲ, ಸುಳ್ಳು ಸಮಾಧಾನವನ್ನೂ ಹೇಳಲಿಲ್ಲ. ಈ ಕಾಯಿಲೆಗೆ ನೇರ ಕಾರಣವಾಗುವ ಮೂರು ಜೀನ್‌ಗಳ ಪೈಕಿ ಒಂದರಲ್ಲಿ ದೋಷವಿದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಆದರೆ 65ರ ಒಳಗೆ ಬಂದವರಲ್ಲೂ ಹೆಚ್ಚಿನವರದು ಆ ಬಗೆಯದಲ್ಲ ಎಂದರು. ಜೀನ್ ಸಲಹೆಗಾರರ ಹತ್ತಿರ ಮಗಳ ಜೊತೆ ತಾವೇ ಹೋದರು. ಪರೀಕ್ಷೆ ಮಾಡಿಸುವುದು, ಬಿಡುವುದು ಅವಳಿಷ್ಟ ಎಂದು ನನಗೆ ಗಟ್ಟಿಯಾಗಿ ಹೇಳಿದವರೂ ಅವರೇ. ಅಪ್ಪ ಅನ್ನಿಸಿಕೊಂಡವನಿಗೆ ಅದು ಬೇಕಿತ್ತು.

ಕಳೆದ ವರ್ಷ ವೈದ್ಯಕೀಯ ವಿದ್ಯಾರ್ಥಿಗಳ ಎದುರು ಮಾತಾಡಲು ನನ್ನನ್ನು ನಿಲ್ಲಿಸಿದಿರಿ. ಆಗಲ್ಲ ಎಂದಿದ್ದೆ. ಆಸ್ಟ್ರೇಲಿಯಾದ ಕ್ರಿಸ್ಟೀನ್ ಬ್ರೈಡನ್‌ಗೆ 46ನೇ ವಯಸ್ಸಿನಲ್ಲಿ ಡಿಮೆನ್ಶಿಯಾ, ಅಂದರೆ ನೆನಪು-ಬುದ್ಧಿ ಕುಂದುವ ಕಾಯಿಲೆ, ಎಂದರು, 2003ರಲ್ಲಿ ಆಕೆ ಅಲ್ಝೈಮರ್ಸ್ ಡಿಸೀಸ್ ಇಂಟರ್‌ನ್ಯಾಷನಲ್ ಎಂಬ ಜಾಗತಿಕ ಸಂಘಟನೆಯ ಮಂಡಳಿಗೇ ಆಯ್ಕೆಯಾದರು, ನಿಮಗೆ ಹತ್ತು ನಿಮಿಷ ಆಗಲ್ವಾ ಎಂದು ಬಾಯಿ ಮುಚ್ಚಿಸಿದಿರಿ. ಮೂರನೇ ನಿಮಿಷಕ್ಕೇ ಸಾಲು ತಪ್ಪಿತು. ಮೊದಲ ಸಾಲಿನಲ್ಲಿದ್ದ ಗೆಳೆಯ ಎದ್ದು ಬಂದು, ಒಂದು ಮಾತೂ ಆಡದೆ, ಕಾಗದದ ಮೇಲೆ ಬೆರಳಿಟ್ಟು ಹೋದ. "ರೋಗಿಯ ಮುಖ ನೋಡಿ ಮಾತಾಡಿ" ಎನ್ನುವ ಸಾಲು ಅದು.

ನಮ್ಮಲ್ಲಿ ಇಬ್ಬರಿಗೆ ಈಗ ಬರಲು ಆಗುತ್ತಿಲ್ಲ. ಅವರ ಮನೆಯವರು ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ. ಯಾರು ಬರೆದಿದ್ದು ಎಂದು ಕೇಳಿದರೆ, ಹೆಸರು ಬೇಡ, ಚಮಚದವನು ಎನ್ನಿ.