ನಾಲ್ಕನೇ ವರ್ಷಕ್ಕೆ ಸೇರುವ ಮೊದಲು

ಚಿ. ಮೇಧಾಳಿಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಉದ್ದನೆಯ ಮೆಸೇಜ್ ಓದಿದೆ. ನಾಲ್ಕನೇ ವರ್ಷವೂ ಓದಿ ಆನರ್ಸ್ ಮಾಡಲಾ, ಇಲ್ಲಾ ಮೂರು ವರ್ಷಕ್ಕೇ ಡಿಗ್ರಿ ತಗೊಂಡು ಎಂಎಸ್ಸಿಗೆ ಹೋಗಲಾ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ "ಹೂಂ ಅತ್ತೆ, ಹೂಂ ಅತ್ತೆ" ಅಂದು ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಬ್ಯಾಚಿನ ಕಥೆಯೇ ಬೇರೆ. 2021ರಲ್ಲಿ ಹೊಸ ಶಿಕ್ಷಣ ನೀತಿ ಅಂತ ರಾಜ್ಯದಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು. 2024ರಲ್ಲಿ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ತಂದಿತು. ನೀನು 2023ರಲ್ಲಿ ಸೇರಿದವಳು, ಹಾಗಾಗಿ ನಾಲ್ಕನೇ ವರ್ಷ ನಿನ್ನ ಇಷ್ಟಕ್ಕೆ ಬಿಟ್ಟದ್ದು. ನಿನ್ನ ಜೂನಿಯರ್‌ಗಳಿಗೆ ಈ ತಲೆನೋವೇ ಇಲ್ಲ. ಆದರೆ ಕೊನೆಯ ಬ್ಯಾಚು ಅಂದಮೇಲೆ ನಡೆಸುವವರಿಗೂ ಹುರುಪು ಕಮ್ಮಿ ಇರಬಹುದು. ಅದು ಮನಸ್ಸಿನಲ್ಲಿರಲಿ.

ಶಿರಸಿಯ ಅರಣ್ಯ ಕಾಲೇಜಿಗೆ ಸೇರಿದ ನಿನ್ನ ಗೆಳತಿಯ ಜೊತೆ ಹೋಲಿಸಿಕೊಳ್ಳಬೇಡ. ಅವಳದು ಬಿಎಸ್ಸಿ ಆನರ್ಸ್ ಫಾರೆಸ್ಟ್ರಿ. ಅದು ಮೊದಲಿಂದಲೂ ನಾಲ್ಕು ವರ್ಷದ ಕೋರ್ಸು, ಆನರ್ಸ್ ಅನ್ನುವುದು ಡಿಗ್ರಿಯ ಹೆಸರಿನಲ್ಲೇ ಸೇರಿಕೊಂಡಿದೆ. ಬೆಂಗಳೂರಿನ ಐಐಎಸ್ಸಿಯಲ್ಲೂ 2011ರಿಂದ ನಾಲ್ಕು ವರ್ಷದ ಪದವಿ ಇದೆ, ಆದರೆ ಅದಕ್ಕೆ ಪಿಯುಸಿ ಆದ ಕೂಡಲೇ ಸೇರಬೇಕು. ನಿನ್ನ ತಮ್ಮನಿಗೆ ಬೇಕಾದರೆ ಹೇಳು.

ಈಗ ನಿನ್ನ ವಿಷಯ. ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಯುಜಿಸಿ 2022ರ ಡಿಸೆಂಬರಿನಲ್ಲಿ ತಂದ ಚೌಕಟ್ಟಿನಲ್ಲಿ ಆನರ್ಸ್ ಎರಡು ಥರ ಇದೆ. ಒಂದು ಬರೀ ಆನರ್ಸ್, ಜಾಸ್ತಿ ಪೇಪರ್ ಓದಿ ಪಾಸಾಗುವುದು. ಇನ್ನೊಂದು ಸಂಶೋಧನೆಯ ಆನರ್ಸ್. ಮೊದಲ ಆರು ಸೆಮಿಸ್ಟರಿನಲ್ಲಿ 75 ಪರ್ಸೆಂಟ್ ಮೇಲಿದ್ದವರು ಒಬ್ಬ ಗೈಡ್ ಕೈಕೆಳಗೆ 12 ಕ್ರೆಡಿಟ್‌ನ ಪ್ರಾಜೆಕ್ಟ್ ಮಾಡಬೇಕು. ನಾಲ್ಕು ವರ್ಷದ ಡಿಗ್ರಿಯಲ್ಲಿ 75 ಪರ್ಸೆಂಟ್ ಬಂದರೆ ಎಂಎಸ್ಸಿ ಇಲ್ಲದೆಯೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಮೊದಲನೆಯ ಥರದ್ದಾದರೆ ನನ್ನ ಮಾತು ಕೇಳು, ಬಿಟ್ಟುಬಿಡು. ಆ ಪೇಪರುಗಳನ್ನೆಲ್ಲ ಎಂಎಸ್ಸಿಯಲ್ಲಿ ಹೇಗೂ ಓದುತ್ತೀಯ. ಮಾರ್ಕ್ಸ್ ಕಾರ್ಡಿನ ಮೇಲೆ ಒಂದು ಶಬ್ದ ಬರಲಿ ಅಂತ ಒಂದು ವರ್ಷ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ. ಎರಡನೆಯದಾದರೆ ಯೋಚನೆ ಮಾಡಬಹುದು. ಅದೂ ನಿನ್ನ ಹತ್ತಿರ ಒಂದು ಪ್ರಶ್ನೆ ಇದ್ದರೆ ಮಾತ್ರ.

ಪ್ರಶ್ನೆ ಅಂದರೆ "ಪಶ್ಚಿಮ ಘಟ್ಟದ ಜೀವವೈವಿಧ್ಯ" ಅಲ್ಲ. ಅದು ಭಾಷಣಕ್ಕೆ ಸರಿ. ಮಳೆಗಾಲದಲ್ಲಿ ನಿನ್ನ ಅಮ್ಮ ಬೆಟ್ಟದಿಂದ ಉಪ್ಪಾಗೆ ಮರದ ಹುಳಿ ಹಣ್ಣು ತಂದು, ಬೀಜ ಬೇರೆ ಮಾಡಿ, ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸುತ್ತಾಳಲ್ಲ. ಬೀಜದಿಂದ ತುಪ್ಪ ತೆಗೆಯುತ್ತಾರೆ. ಸಿಪ್ಪೆ ಪೇಟೆಗೆ ಹೋಯಿತು, ಬೀಜ ಮನೆಗೆ ಬಂತು. ಹಾಗಾದರೆ ಕಾಡಿನಲ್ಲಿ ಉಪ್ಪಾಗೆ ಸಸಿ ಏಳುವುದು ಎಲ್ಲಿಂದ? ಎಲ್ಲರೂ ಕೊಯ್ಯುವ ಮರದ ಬುಡದಲ್ಲೂ, ಯಾರೂ ಹತ್ತದ ದೂರದ ಮರದ ಬುಡದಲ್ಲೂ ಸಸಿ ಎಷ್ಟೆಷ್ಟಿವೆ? ಒಂದು ವರ್ಷಕ್ಕೆ ಇಷ್ಟು ಪ್ರಶ್ನೆ ಸಾಕು.

ನಾಲ್ಕು ಗೂಟ, ಒಂದು ಹಗ್ಗ ಇದ್ದರೆ ಕ್ವಾಡ್ರಾಟ್, ಅಂದರೆ ಸಸಿ ಎಣಿಸುವ ಚೌಕ ಆಯಿತು. ಎಣಿಸುವುದೇನೂ ಕಷ್ಟವಲ್ಲ. ಕಷ್ಟ ಬರುವುದು ಆಮೇಲೆ. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಗಂಡು ಮರದ ಬುಡ ನೋಡಿ ಸಸಿ ಇಲ್ಲ ಅಂತ ಬರೆದರೆ ನಗುತ್ತಾರೆ. ಬೀಜ ಮೊಳೆಯುವುದಕ್ಕೂ ತಿಂಗಳುಗಟ್ಟಲೆ ಬೇಕು. ಅಂದರೆ ಈ ಸಲ ಕಣ್ಣಿಗೆ ಬೀಳುವ ಸಸಿ ಹಿಂದಿನ ಹಣ್ಣಿನದು, ಈ ವರ್ಷದ ಕೊಯ್ಲಿಗೂ ಅದಕ್ಕೂ ಸಂಬಂಧ ಇಲ್ಲ. ಹಾಗಾಗಿ ಹೋದ ವರ್ಷ, ಅದರ ಹಿಂದಿನ ವರ್ಷ ಆ ಮರದಿಂದ ಯಾರು ಎಷ್ಟು ಕೊಯ್ದರು ಅಂತ ಊರವರನ್ನು ಕೇಳಿ ಬರೆದುಕೊಳ್ಳಬೇಕು. ಕೆಲವರು ಹೇಳುತ್ತಾರೆ, ಕೆಲವರು ಅನುಮಾನದಿಂದ ನೋಡುತ್ತಾರೆ. ಇಂಥದ್ದನ್ನೆಲ್ಲ ಮೊದಲೇ ಯೋಚಿಸಿಕೊಳ್ಳುವುದನ್ನು ಕಲಿತರೆ ಆ ವರ್ಷ ವಸೂಲಾದಂತೆ. ಯಾವ ಲೆಕ್ಚರ್ ನೋಟ್ಸಿನಲ್ಲೂ ಇದು ಸಿಗುವುದಿಲ್ಲ. (ಮಳೆಯಲ್ಲಿ ಪೆನ್ನು ಹಿಡಿದು ಹೋಗಬೇಡ, ಬರೆದದ್ದೆಲ್ಲ ಕಲಸಿಹೋಗುತ್ತದೆ. ಪೆನ್ಸಿಲ್ ಒಯ್ಯಿ. ರಕ್ತ ಹೀರುವ ಉಂಬಳಕ್ಕೆ ಸುಣ್ಣ, ತಂಬಾಕು ನಿನ್ನ ಅಜ್ಜಿ ಕೊಡುತ್ತಾರೆ.)

ಉಪ್ಪಾಗೆಯನ್ನೇ ಮಾಡು ಅಂತಲ್ಲ, ನಿನಗೆ ಕಪ್ಪೆಯೇ ಇಷ್ಟ ಅಂತ ಗೊತ್ತು. ಆದರೆ ಒಂದು ಮಾತು. ಕಾಡಿಗೆ ಸೆಮಿಸ್ಟರ್ ಇಲ್ಲ. ಉಪ್ಪಾಗೆ ಹಣ್ಣಾಗುವುದು ಜೂನ್‌ನಿಂದ ಆಗಸ್ಟ್ ಒಳಗೆ. ಕಪ್ಪೆಗಳ ಗದ್ದಲವೂ ಮಳೆ ಹಿಡಿದ ಮೊದಲ ವಾರಗಳಲ್ಲೇ ಜೋರು. ನಿಮ್ಮ ರಿಸಲ್ಟ್ ಬಂದು, ಅಡ್ಮಿಷನ್ ಮುಗಿದು, ಗೈಡ್ ಹಂಚಿಕೆ ಆಗುವ ಹೊತ್ತಿಗೆ ಅರ್ಧ ಮಳೆಗಾಲ ಮುಗಿದಿರುತ್ತದೆ. ಆಮೇಲೆ ಏನು ಮಾಡುತ್ತೀಯ? ಇಂಟರ್ನೆಟ್ಟಿನಿಂದ ಎತ್ತಿ ಒಂದು ರಿಪೋರ್ಟ್ ಬರೆಯುತ್ತೀಯ. ಹಾಗೆ ಬರೆದು ಬೈಂಡ್ ಮಾಡಿಸಿದ ಎಷ್ಟೋ ರಿಪೋರ್ಟುಗಳನ್ನು ಇಷ್ಟು ವರ್ಷ ಬಾಟನಿ ಪಾಠ ಮಾಡಿದ ನಾನು ನೋಡಿದ್ದೇನೆ, ಅಟ್ಟಕ್ಕೂ ಭಾರ. ಅದಕ್ಕೇ ಹೇಳುತ್ತಿರುವುದು, ಮೇ ತಿಂಗಳಲ್ಲೇ ಗೈಡ್ ಹತ್ತಿರ ಮಾತಾಡಿ ಜೂನ್‌ನಲ್ಲಿ ಕೆಲಸ ಶುರು ಮಾಡು. ಕಾಡಿನೊಳಗಿನ ಕೆಲಸಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅಭಯಾರಣ್ಯವಾದರೆ ಅದಕ್ಕೇ ತಿಂಗಳುಗಟ್ಟಲೆ ಹೋಗಬಹುದು. ತೋಟಕ್ಕೆ ಸೊಪ್ಪು ತರುವ ಬೆಟ್ಟ ಮನೆಯದು ಅಂತ ಸುಮ್ನೆ ನುಗ್ಗಬೇಡ. ರೇಂಜ್ ಆಫೀಸಿನಲ್ಲಿ ಮೊದಲೇ ಕೇಳಿಕೋ.

ಗೈಡ್ ಯಾರು ಅನ್ನುವುದನ್ನು ಕಾಲೇಜಿನ ಹೆಸರಿಗಿಂತ ಜಾಸ್ತಿ ನೋಡು. ಅತಿಥಿ ಉಪನ್ಯಾಸಕರಲ್ಲಿ ಒಳ್ಳೊಳ್ಳೆಯವರಿದ್ದಾರೆ. ಆದರೆ ಪಾಪ, ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಪ್ರಾಜೆಕ್ಟಿನ ಮಧ್ಯದಲ್ಲಿ ಗೈಡ್ ಬದಲಾದರೆ ನಿನ್ನ ಗತಿ ಏನು ಅಂತ ಸಂಕೋಚವಿಲ್ಲದೆ ಕೇಳು. ಒಬ್ಬ ಗೈಡ್‌ಗೆ ಎಷ್ಟು ಜನ ಅಂತಲೂ ಕೇಳು. ಹಿಂದಿನ ಬ್ಯಾಚಿನವರು ಮಾಡಿದ ಪ್ರಾಜೆಕ್ಟ್ ಒಂದನ್ನು ಇಸಕೊಂಡು, ಅದರ ಟೇಬಲ್‌ಗಳನ್ನು ನೋಡು. ಅಂಕಿ ಅವರೇ ಹೋಗಿ ತಂದದ್ದಾ, ಎಲ್ಲಿಂದಲೋ ಎತ್ತಿದ್ದಾ ಅಂತ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಇನ್ನು ವರ್ಷಗಳ ಲೆಕ್ಕ. ಮೂರು ವರ್ಷ ಡಿಗ್ರಿ, ಎರಡು ವರ್ಷ ಎಂಎಸ್ಸಿ, ಒಟ್ಟು ಐದು. ಆನರ್ಸ್ ಮಾಡಿ ಒಂದು ವರ್ಷದ ಎಂಎಸ್ಸಿ ಮಾಡಿದರೂ ಐದೇ. ಆದರೆ ನಿನ್ನ ಯೂನಿವರ್ಸಿಟಿಯಲ್ಲಿ ನಿನ್ನ ಸಬ್ಜೆಕ್ಟಿಗೆ ಆ ಒಂದು ವರ್ಷದ ಎಂಎಸ್ಸಿ ನಿಜವಾಗಿ ಇದೆಯಾ? ಬಾಯಿಮಾತು ನಂಬಬೇಡ, ಪ್ರವೇಶದ ಪ್ರಕಟಣೆಯನ್ನೇ ನೋಡು. ಇಲ್ಲದಿದ್ದರೆ ಆರು ವರ್ಷ ಆಗುತ್ತದೆ, ಅಪ್ಪನಿಗೆ ಅದನ್ನು ಈಗಲೇ ಹೇಳಬೇಕು.

ಒಳ್ಳೆಯ ಗೈಡ್ ಸಿಕ್ಕರೆ, ಜೂನ್‌ನಲ್ಲೇ ಶುರು ಮಾಡಲು ಅವರು ಒಪ್ಪಿದರೆ, ಆನರ್ಸ್ ಮಾಡು. ಇಲ್ಲವಾದರೆ ಧೈರ್ಯವಾಗಿ ಡಿಗ್ರಿ ತಗೊಂಡು ಹೊರಡು. ಎಂಎಸ್ಸಿಯಲ್ಲೂ ಪ್ರಾಜೆಕ್ಟ್ ಇರುತ್ತದೆ, ನಿನ್ನ ಪ್ರಶ್ನೆ ಎಲ್ಲೂ ಓಡಿಹೋಗುವುದಿಲ್ಲ. ಅಪ್ಪನ ಹತ್ತಿರ ಖರ್ಚಿನ ಮಾತು ನಾನೇ ಆಡುತ್ತೇನೆ, ನೀನು ಅದಕ್ಕೆ ತಲೆ ಹಾಕಬೇಡ.

ನಿಮ್ಮ ಮೇಡಂ ಏನಂದರು ಅಂತ ಬರೆದು ತಿಳಿಸು.

ಇತಿ,
ನಿನ್ನ ಅತ್ತೆ