ಬಾಡಿಗೆ ಆದಾಯದಲ್ಲಿ ಮನೆ-ಕಚೇರಿ ಖರ್ಚು ಕಳೆಯಬೇಡಿ

ಸದಸ್ಯರ ಗಮನಕ್ಕೆ: ಬಾಡಿಗೆ ಲೆಕ್ಕ ನೋಡಲು ಮನೆಯ ಒಂದು ಕೋಣೆ ಬಳಸುತ್ತೇವೆ, ಅದರ ಕರೆಂಟು, ಇಂಟರ್ನೆಟ್, ಲ್ಯಾಪ್‌ಟಾಪ್ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದೇ ಎಂದು ಹಲವರು ಕೇಳುತ್ತಿದ್ದೀರಿ. ಆಗುವುದಿಲ್ಲ. ಆದಾಯ ತೆರಿಗೆ ಕಾಯ್ದೆ (1961ರ ಕಾಯ್ದೆಯಲ್ಲಿ 24ನೇ ಕಲಂ) ಕೊಡುವುದು ಎರಡೇ ಕಡಿತ: ಆಸ್ತಿ ತೆರಿಗೆ ಕಳೆದು ಉಳಿದ ಬಾಡಿಗೆಯ ಶೇ 30 ಮತ್ತು ಆ ಮನೆಯ ಸಾಲದ ಬಡ್ಡಿ. ರಿಪೇರಿ, ಬಣ್ಣ, ಬ್ರೋಕರ್ ಕಮಿಷನ್, ನಿಮ್ಮ ಓಡಾಟ ಎಲ್ಲಕ್ಕೂ ಸೇರಿಸಿಯೇ ಆ ಶೇ 30. ಒಂದು ರೂಪಾಯಿ ಖರ್ಚು ಮಾಡದಿದ್ದರೂ ಅದು ಸಿಗುತ್ತದೆ, ಬಿಲ್ ಬೇಕಿಲ್ಲ.

ಲೆಕ್ಕ ಹೀಗೆ. ವರ್ಷದ ಬಾಡಿಗೆ 2,40,000. ನೀವು ಕಟ್ಟಿದ ಆಸ್ತಿ ತೆರಿಗೆ 12,000 ಮೊದಲು ಕಳೆಯಿರಿ: 2,28,000. ಅದರ ಶೇ 30 ಎಂದರೆ 68,400 ಹೋದರೆ 1,59,600. ಬಡ್ಡಿ 90,000 ಇದ್ದರೆ ತೆರಿಗೆಗೆ ಬರುವುದು 69,600. ಹೆಚ್ಚಿನವರು ತಪ್ಪುವುದು ಇಲ್ಲೇ: ಶೇ 30 ಅನ್ನು ಪೂರ್ತಿ ಬಾಡಿಗೆಯ ಮೇಲೆ ಹಾಕುತ್ತಾರೆ. ಆಸ್ತಿ ತೆರಿಗೆ ಆ ವರ್ಷದೊಳಗೆ ಮಾಲೀಕರೇ ಕಟ್ಟಿರಬೇಕು. ಬಾಡಿಗೆದಾರ ಕಟ್ಟಿದ್ದರೆ, ಬಾಕಿ ಉಳಿದಿದ್ದರೆ ಕಳೆಯುವಂತಿಲ್ಲ. ಇಎಂಐಯ ಅಸಲನ್ನೂ ಇಲ್ಲಿ ಸೇರಿಸಬೇಡಿ. ಬ್ಯಾಂಕಿನಿಂದ ಬಡ್ಡಿ ಪ್ರಮಾಣಪತ್ರ ತರಿಸಿಕೊಳ್ಳಿ.

ಮನೆಯಿಂದಲೇ ಸ್ವಂತ ವೃತ್ತಿ ನಡೆಸುವವರು ಕೋಣೆಯ ಖರ್ಚನ್ನು ಆ ವೃತ್ತಿಯ ಆದಾಯದಲ್ಲಿ ತೋರಿಸಬಹುದು. 1,200 ಚದರಡಿ ಮನೆಯಲ್ಲಿ 120 ಚದರಡಿ ಕಚೇರಿಯಿದ್ದರೆ ಕರೆಂಟಿನ ಶೇ 10 ನ್ಯಾಯವಾದ ಪಾಲು. ಆದರೆ ಕೆಲವು ವೃತ್ತಿಯವರಿಗೆ ಇರುವ ಅಂದಾಜು ಲಾಭದ ಪದ್ಧತಿಯಲ್ಲಿ (1961ರ ಕಾಯ್ದೆಯಲ್ಲಿ 44ಎಡಿಎ ಕಲಂ) ಆದಾಯ ತೋರಿಸಿದರೆ ಇದೂ ಇಲ್ಲ, ಖರ್ಚೆಲ್ಲ ಅದರಲ್ಲೇ ಸೇರಿಹೋಗಿರುತ್ತದೆ. ಸ್ವಂತ ಮನೆಗೆ ನಿಮಗೆ ನೀವೇ ಬಾಡಿಗೆ ಕೊಟ್ಟಂತೆ ಬರೆಯಲೇಬೇಡಿ.